ಗುಡಾರದೊಳಗಿನ ಗಿರಿದರ್ಶನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದರು ನಮ್ಮ ಹಿರಿಯರು. ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತದೆ ಎಂಬುದು ಆ ಮಾತಿನ ಒಳಗುಟ್ಟು. ಈಗ ಹತ್ತಿರ ಹೋದರೂ ಬೆಟ್ಟ ನುಣ್ಣಗೇ ಇರುವಂತೆ ಏರ್ಪಾಡು ಮಾಡಿಕೊಡುವವರು ಬಂದಿದ್ದಾರೆ. ತಲೆಗೆ ಇಷ್ಟೆಂದು ಹಣ ಕಟ್ಟಿದರೆ ಕಣಿವೆಯ ನಡುವೆ ಒಂದು ಡೇರೆ, ಡೇರೆಯೊಳಗೆ ಮೆತ್ತನೆಯ ಹಾಸಿಗೆ, ಬಕೆಟ್ಟು ತುಂಬ ಬಿಸಿನೀರು, ರಾತ್ರಿ ಬೆಂಕಿಯ ಸುತ್ತ ಹಾಡು ಕುಣಿತ, ಬೆಳಗ್ಗೆ ಎದ್ದರೆ ಕಾಲ ಕೆಳಗೆ ಮೋಡದ ಸಮುದ್ರ. ಇದಕ್ಕೆ ಸಾಹಸ ಪ್ರವಾಸವೆಂದು ಹೆಸರು. ವಿಶಾಖಪಟ್ಟಣದ ನಮಗೆ ಅರಕು, ಅನಂತಗಿರಿ, ಲಂಬಸಿಂಗಿ, ವಂಜಂಗಿ. ವಿಜಯವಾಡದ ಬಂಧುಗಳಿಗೆ ಇವುಗಳ ಜೊತೆಗೆ ಗೋದಾವರಿಯ ಪಾಪಿಕೊಂಡಲು. ರಜೆ ಬಂತೆಂದರೆ ಎರಡೂ ಊರುಗಳ ಕನ್ನಡ ಮನೆಗಳಲ್ಲಿ ಇದೇ ಮಾತು.

ನಾಟಕ, ಸಿನಿಮಾ, ಕಾದಂಬರಿಗಳ ವಿಮರ್ಶೆಗೆ ಇಂಥ ಪತ್ರಿಕೆಗಳಲ್ಲಿ ಜಾಗ ಸಿಗುತ್ತಲೇ ಬಂದಿದೆ. ಡೇರೆಯ ಪ್ರವಾಸವೂ ಒಂದು ಕೃತಿಯೇ ಎಂದು ನಮ್ಮ ಭಾವನೆ. ಅದನ್ನು ರಚಿಸಿದವರಿದ್ದಾರೆ, ಅದಕ್ಕೆ ಆದಿ, ಮಧ್ಯ, ಅಂತ್ಯಗಳಿವೆ, ಪಾತ್ರಗಳಿವೆ, ಟಿಕೆಟ್ಟಂತೂ ಇದ್ದೇ ಇದೆ. ಹಾಗಿದ್ದ ಮೇಲೆ ಅದರ ಗುಣದೋಷಗಳನ್ನು ವಿಚಾರಿಸುವುದು ತಪ್ಪಾಗಲಾರದು.

ಕಳೆದ ಡಿಸೆಂಬರಿನಲ್ಲಿ ನಾವು ಲಂಬಸಿಂಗಿಗೆ ಹೋದೆವು. ವಿಜಯವಾಡದಿಂದ ಭಾವ ಮತ್ತು ಅಕ್ಕ ಮಕ್ಕಳೊಂದಿಗೆ ತುನಿಯಲ್ಲಿ ರೈಲಿಳಿದು ಬಂದು ನರಸೀಪಟ್ಟಣದಲ್ಲಿ ನಮ್ಮನ್ನು ಕೂಡಿಕೊಂಡರು. ಸರಕಾರಿ ಗುಮಾಸ್ತನ ಎಲ್.ಟಿ.ಸಿ. ರೈಲಿನ ದರ ಕೊಟ್ಟೀತೇ ಹೊರತು ಡೇರೆಯ ಬಾಡಿಗೆ ಕೊಡುವುದಿಲ್ಲವಾದ್ದರಿಂದ ಖರ್ಚೆಲ್ಲ ನಮ್ಮದೇ. ಕೈಯಿಂದ ಕೊಟ್ಟ ಹಣಕ್ಕೆ ವಿಮರ್ಶೆಯ ಹಕ್ಕು ಸ್ವಲ್ಪ ಹೆಚ್ಚು.

ಮೊದಲು ಕೃತಿಯ ಭಾಷೆಯನ್ನು ನೋಡೋಣ. ಜಾಹೀರಾತಿನಲ್ಲಿ ಲಂಬಸಿಂಗಿಗೆ ‘ಆಂಧ್ರದ ಕಾಶ್ಮೀರ’ ಎಂಬ ಬಿರುದು. ಅಲ್ಲಿ ಹಿಮ ಸುರಿಯುತ್ತದೆಂದು ಕೆಲವರು ಬರೆದೇ ಬಿಡುತ್ತಾರೆ. ನಮ್ಮ ಅಕ್ಕನ ಮಗ ಹಿಮದ ಉಂಡೆ ಮಾಡಿ ಎಸೆಯುವ ಆಸೆಯಿಂದಲೇ ಬಂದಿದ್ದ. ಬಿ.ಎಸ್ಸಿ. ಓದಿದ ತಪ್ಪಿಗೆ ಅವನಿಗೆ ಸಮಾಧಾನ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ತೆಲುಗಿನ ‘ಮಂಚು’ ಎಂಬ ಒಂದೇ ಪದಕ್ಕೆ ಇಬ್ಬನಿ, ಮಂಜು, ಹಿಮ ಮೂರೂ ಅರ್ಥಗಳುಂಟು. ಹಳ್ಳಿಯವರು ‘ಮಂಚು’ ಎಂದದ್ದನ್ನು ವ್ಯಾಪಾರಿಗಳು ಹಿಮ ಎಂದು ಅನುವಾದಿಸಿಕೊಂಡರು. ನಿಜವಾಗಿ ಅಲ್ಲಿ ನಡೆಯುವುದು ಇಷ್ಟು: ಸಾವಿರ ಮೀಟರು ಎತ್ತರಕ್ಕೆ ಹೋದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಚಳಿಗಾಲದ ರಾತ್ರಿ ಆಕಾಶ ನಿರ್ಮಲವಾಗಿದ್ದರೆ ನೆಲ ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ, ನೀರಿನಂತೆ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ತೇವವೇ ಮಂಜಾಗುತ್ತದೆ. ವಂಜಂಗಿಯ ನೆತ್ತಿಯಲ್ಲಿ ನಿಂತವರು ಮೋಡವೆಂದು ಫೋಟೋ ತೆಗೆಯುವುದು ಇದನ್ನೇ. ಬಹಳ ಚಳಿಯಾದ ದಿನ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಇಷ್ಟು ಸೊಗಸಾದ ಸತ್ಯ ಕೈಯಲ್ಲಿರುವಾಗ ಕಾಶ್ಮೀರವನ್ನು ಎರವಲು ತರುವುದೇಕೆ? ತನ್ನ ನೆಲದ ಮೇಲೆ ನಂಬಿಕೆಯಿಲ್ಲದ ಕೃತಿಗೆ ಮಾತ್ರ ಹೀಗೆ ಬೇರೆಯವರ ಹೆಸರು ಬೇಕಾಗುತ್ತದೆ.

ಸುಖದ ವಿಷಯ ಬೇರೆ. ಡೇರೆಯಲ್ಲಿ ಹಾಸಿಗೆ ಹಾಕಿದರೆಂದು ಹಂಗಿಸುವವರು ನಾವಲ್ಲ. ಮಂಡಿನೋವಿನ ಅಕ್ಕ, ಸಣ್ಣ ಮಕ್ಕಳು, ವರ್ಷವೆಲ್ಲ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ದುಡಿಯುವ ನಮ್ಮ ಮನೆಯವರು, ಇವರೆಲ್ಲ ಬೆಟ್ಟ ನೋಡಬಾರದೇ? ಕಷ್ಟಪಟ್ಟವನಿಗೆ ಮಾತ್ರ ಪ್ರಕೃತಿ ಒಲಿಯುತ್ತಾಳೆಂಬುದು ಗಟ್ಟಿ ಕಾಲಿನವರ ಜಂಬ. ಮೇ ತಿಂಗಳ ವಿಜಯವಾಡವನ್ನು ಕಂಡವರು ಯಾರೂ ತಂಪನ್ನು ಬಯಸುವವರನ್ನು ಆಕ್ಷೇಪಿಸಲಾರರು.

ಇಲ್ಲಿ ನಮಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ನೆನಪಾಗುತ್ತದೆ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿಯೂ ಒಂದು ತಂಡ ಹಾರುವ ಓತಿಯನ್ನು ಹುಡುಕಿಕೊಂಡು ಪಶ್ಚಿಮಘಟ್ಟದ ಕಾಡಿಗೆ ಹೊರಡುತ್ತದೆ. ಅವರೂ ಸುಖ ಬಿಟ್ಟವರಲ್ಲ. ಜೊತೆಯಲ್ಲಿ ಬಿರಿಯಾನಿ ಕರಿಯಪ್ಪನೇ ಇದ್ದಾನೆ! ಆದರೆ ಆ ಪ್ರಯಾಣದ ಕೇಂದ್ರದಲ್ಲಿರುವವನು ಮಂದಣ್ಣ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ದೊಡ್ಡ ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನು ಹುಟ್ಟು ಪ್ರಕೃತಿಶಾಸ್ತ್ರಜ್ಞನೆಂದು ಗುರುತಿಸುತ್ತಾರೆ. ಕಾಡನ್ನು ಕಂಡವನು ಅವನು, ಉಳಿದವರೆಲ್ಲ ಅವನ ಕಣ್ಣಿನಿಂದ ಕಾಣಲು ಹೊರಟವರು. ಕಣಿವೆಯ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಸಿಕ್ಕಿಲ್ಲ. ಹಾಸಿಗೆ ಮೆತ್ತಗಿದೆಯೇ ಒರಟೇ ಎಂದು ಕೇಳುವುದು ಬೇಡ. ಈ ಕೃತಿಯಲ್ಲಿ ಮಂದಣ್ಣ ಎಲ್ಲಿದ್ದಾನೆ ಎಂದು ಕೇಳೋಣ.

ನಮ್ಮ ಡೇರೆಯ ಬೀಡಿನಲ್ಲಿ ಮಂದಣ್ಣ ಬಿಸಿನೀರು ಹೊರುತ್ತಿದ್ದ.

ಮೊದಲ ದಿನ ಸಂಜೆ ಬೆಂಕಿ ಹಾಕಿದರು. ಹತ್ತು ಹನ್ನೆರಡು ಮಂದಿ ಗಿರಿಜನ ಹೆಂಗಸರು ಬಂದು, ಒಬ್ಬರ ಬೆನ್ನ ಹಿಂದೆ ಒಬ್ಬರು ಕೈ ಬೆಸೆದು, ಹಾವಿನಂತೆ ಬಳುಕುವ ಸಾಲಾಗಿ ಧಿಂಸಾ ಕುಣಿದರು. ಬಹಳ ಚೆನ್ನಾಗಿತ್ತು. ನಮ್ಮ ಮಗಳು ಈ ಹಾಡಿನ ಅರ್ಥವೇನು ಎಂದು ಬೀಡಿನ ಮೇಲ್ವಿಚಾರಕನನ್ನು ಕೇಳಿದಳು. ಅವನು ನಕ್ಕು, ನೀವೂ ಸೇರಿ ಕುಣಿಯಿರಿ ಎಂದ. ಹತ್ತು ನಿಮಿಷದ ಮೇಲೆ ಹಾಡು ನಿಲ್ಲಿಸಿ ಸಿನಿಮಾದ ರೆಕಾರ್ಡು ಹಾಕಿಸಿದ. ಹೆಂಗಸರು ಕತ್ತಲಲ್ಲಿ ಮರಳಿದರು. ಊಟಕ್ಕೆ ಪನ್ನೀರು, ನೂಡಲ್ಸು, ಬಿದಿರಿನಲ್ಲಿ ಬೇಯಿಸಿದ ಕೋಳಿ.

ಬೆಳಗಿನ ಜಾವ ಡೇರೆಯ ಒಳಗೋಡೆ ಒದ್ದೆಯಾಗಿತ್ತು. ಡೇರೆ ಸೋರುತ್ತಿದೆ ಎಂದು ಭಾವನವರು ಜಗಳಕ್ಕೆ ಹೊರಟರು. ಅದು ನಮ್ಮದೇ ಉಸಿರಿನ ಆವಿ, ತಣ್ಣನೆಯ ಬಟ್ಟೆಗೆ ತಗುಲಿ ನೀರಾಗಿದೆ ಎಂದು ಅವರನ್ನು ಒಪ್ಪಿಸುತ್ತಿರುವಾಗ ಬಿಸಿನೀರಿನ ಕೊಡದೊಂದಿಗೆ ಆ ಹಿರಿಯ ಬಂದರು. ನಮ್ಮ ತೆಲುಗು ಕೇಳಿ ಅವರಿಗೆ ನಗು ಬಂತು. ಮಾತು ಬೆಳೆಯಿತು. ರಾತ್ರಿಯ ಕುಣಿತದ ವಿಷಯ ಕೇಳಿದಾಗ, ಅದು ಮದುವೆಯಲ್ಲಿ, ಚೈತ್ರದ ಹಬ್ಬದಲ್ಲಿ ಕುಣಿಯುವುದು ಎಂದು ಹೇಳಿ, ಸ್ವಲ್ಪ ತಡೆದು, “ಇಲ್ಲಿ ಯಾರ ಮದುವೆ ಸಾರ್?” ಎಂದರು. ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ. ಆದರೂ ನಮಗೆ ಉತ್ತರ ತೋಚಲಿಲ್ಲ.

ಬಹಳ ಕೇಳಿಕೊಂಡ ಮೇಲೆ ಅವರು ನಮ್ಮನ್ನು ಅರ್ಧ ಗಂಟೆ ಸುತ್ತಾಡಿಸಿದರು. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಇಳಿಜಾರಿನಲ್ಲಿ ಕೊಯ್ದು ಬಿಟ್ಟ ರಾಗಿಯ ಕೂಳೆ. ಅವರ ಬಾಯಲ್ಲಿ ರಾಗಿ ‘ಚೋಡಿ’. ಅಂಬಲಿ ಮಾತ್ರ ನಮ್ಮ ಅಂಬಲಿಯೇ! ರಾಗಿ ಮುದ್ದೆಯ ನಾಡಿನವರು ಎರಡು ದಿನ ಇದ್ದು ಪನ್ನೀರು ತಿಂದೆವು, ಪಕ್ಕದ ಮನೆಯಲ್ಲಿ ಕುದಿಯುತ್ತಿದ್ದ ಅಂಬಲಿಯ ಸುದ್ದಿಯೇ ನಮಗಿರಲಿಲ್ಲ. ಈ ಕಾಫಿಯೂ ಅಪರಿಚಿತವಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ಸಿಕ್ಕಾಗ ಅರಕು ಕಣಿವೆಯ ಅರೇಬಿಕಾಕ್ಕೂ ಅದು ಸಿಕ್ಕಿತು. ಒಂದು ವ್ಯತ್ಯಾಸವುಂಟು: ಇಲ್ಲಿ ಬೆಳೆಯುವವರು ದೊಡ್ಡ ಎಸ್ಟೇಟಿನವರಲ್ಲ, ತುಂಡು ನೆಲದ ಗಿರಿಜನರು.

ಡೇರೆ ಹಾಕಿರುವ ಜಾಗ ಯಾರದು ಎಂದು ಕೇಳಿದೆವು. ತಮ್ಮನದು ಎಂದರು. ಬಾಡಿಗೆಗೆ ಕಾಗದವುಂಟೇ ಎಂದರೆ, ಬಾಯಿಮಾತು, ಕಾಗದ ಮಾಡುವ ಹಾಗಿಲ್ಲವಂತೆ ಎಂದರು. ಕಾನೂನನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. 1959ರ ನಿಯಮ, ಅದನ್ನು ಬಿಗಿಗೊಳಿಸಿದ 1970ರ ಒಂದನೆಯ ನಿಯಮ, ಇವುಗಳ ಪ್ರಕಾರ ಈ ಅನುಸೂಚಿತ ಪ್ರದೇಶದ ಭೂಮಿಯನ್ನು ಗಿರಿಜನರಲ್ಲದವರಿಗೆ ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ‘ಸಮತಾ’ ಮೊಕದ್ದಮೆಯಲ್ಲಿ, ಸರಕಾರವೂ ಅಂಥ ಭೂಮಿಯನ್ನು ಖಾಸಗಿ ಗಣಿಯವರಿಗೆ ಗುತ್ತಿಗೆ ಕೊಡಲಾಗದೆಂದು ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದು ನಾವು ಗುಹೆ ನೋಡಲು ಹೋಗುವ ಬೊರ್ರಾ ಸುತ್ತಿನ ಹಳ್ಳಿಗಳಿಂದ. ಕಾಗದವಿಲ್ಲದ ಒಪ್ಪಂದದಲ್ಲಿ ಬಾಡಿಗೆ ನಿಂತುಹೋದರೆ ಭೂಮಿಯ ಒಡೆಯ ಯಾರ ಬಾಗಿಲಿಗೆ ಹೋಗಬೇಕು? ಗಣಿಯನ್ನು ತಡೆದ ಕಾನೂನಿನ ಕೆಳಗೆ ಡೇರೆ ನುಸುಳಿಕೊಂಡಿದ್ದರೆ, ಅದರೊಳಗೆ ಮಲಗಿ ಎದ್ದ ನಮಗೂ ಅದರಲ್ಲೊಂದು ಪಾಲಿದೆ.

ಈ ಬೆಟ್ಟಗಳಿಗೆ ಹೊರಗಿನವರು ಬಂದುದರ ಕಥೆ ಹಳೆಯದು. 1882ರ ಮದರಾಸು ಅರಣ್ಯ ಕಾಯಿದೆ ಪೋಡು ಬೇಸಾಯಕ್ಕೆ ಅಡ್ಡಿ ತಂದಿತು. ರಸ್ತೆ ಕಡಿಯುವ ಕೆಲಸಕ್ಕೆ ಗಿರಿಜನರನ್ನು ಹಿಡಿದು, ಸರಿಯಾದ ಕೂಲಿ ಕೊಡದೆ ದುಡಿಸಿದರು. 22-8-1922ರಂದು ಅಲ್ಲೂರಿ ಸೀತಾರಾಮರಾಜು ಮತ್ತು ಸಂಗಡಿಗರು ನುಗ್ಗಿದ್ದು ನಮ್ಮ ಡೇರೆಗೆ ಸಮೀಪದ ಚಿಂತಪಲ್ಲಿಯ ಪೊಲೀಸು ಠಾಣೆಗೆ. ನೂರು ವರ್ಷದ ಮೇಲೆ, 2022ರಲ್ಲಿ, ಈ ಭಾಗ ಅವರ ಹೆಸರಿನ ಜಿಲ್ಲೆಯಾಯಿತು. ನಮ್ಮ ಕಾರು ಸಲೀಸಾಗಿ ಏರಿದ ಘಾಟಿಯ ಒಂದೊಂದು ತಿರುವಿಗೂ ಈ ಹಿನ್ನೆಲೆಯುಂಟು. ಜಾಹೀರಾತಿನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಸ್ಥಳ ಬಲ್ಲವನನ್ನು ಮೂಲೆಗೆ ತಳ್ಳುವುದು ಬರೀ ರಸಭಂಗವಲ್ಲ, ಪ್ರಾಣಕ್ಕೂ ಸಂಬಂಧಪಟ್ಟದ್ದು. ಪಾಪಿಕೊಂಡಲಿಗೆ ಹೋಗುವ ವಿಜಯವಾಡದ ಬಂಧುಗಳು ಕಚ್ಚುಲೂರನ್ನು ಮರೆತಿರಲಾರರು. 15-9-2019ರಂದು ತುಂಬಿ ಹರಿಯುತ್ತಿದ್ದ ಗೋದಾವರಿಯಲ್ಲಿ ಪ್ರವಾಸಿಗಳ ದೋಣಿ ಮಗುಚಿ ಹತ್ತಾರು ಜನ ಸತ್ತರು. ಬದುಕಿದವರಲ್ಲಿ ಅನೇಕರನ್ನು ತಮ್ಮ ಪುಟ್ಟ ದೋಣಿಗಳಲ್ಲಿ ದಡಕ್ಕೆ ತಂದವರು ಕಚ್ಚುಲೂರಿನ ಗಿರಿಜನರು. ಮುಳುಗಿದ ದೋಣಿಯನ್ನು ವಾರಗಳ ನಂತರ ಮೇಲೆತ್ತಿದ್ದು ಕಾಕಿನಾಡದ ಧರ್ಮಾಡಿ ಸತ್ಯಂ ಅವರ ತಂಡ. ನೀರಿನಲ್ಲಿ ಬೆಳೆದ ಜನ, ಹಗ್ಗ ಲಂಗರುಗಳ ಅನುಭವವೇ ಅವರ ಬಂಡವಾಳ. ನದಿಯನ್ನು ಬಲ್ಲವರ ನೆನಪು ನಮಗಾದದ್ದು ದೋಣಿ ಮುಳುಗಿದ ಮೇಲೆ.

ಆಂಧ್ರದವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ‘ಕರ್ವಾಲೊ’ ಬಂದ 1980ರಲ್ಲೇ ಕರ್ನಾಟಕ ಸರಕಾರ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಆರಂಭಿಸಿತು. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಪ್ರವಾಸಿಗಳಿಗೆ ಒಳ್ಳೆಯ ಡೇರೆಗಳಿವೆ. ಆ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಅಲ್ಲಿನ ಜೇನು, ನೆಲ್ಲಿಕಾಯಿಗಳ ಮೇಲೆ ಸಾಮುದಾಯಿಕ ಹಕ್ಕುಪತ್ರ ಕೈಗೆ ಬಂದದ್ದು 2011ರಲ್ಲಿ. ಅತಿಥಿಗೆ ಹಾಸಿಗೆ ಮೊದಲು, ಮನೆಯವನಿಗೆ ಹಕ್ಕು ಆಮೇಲೆ!

ಬೇರೆ ದಾರಿ ಇಲ್ಲವೆಂದಲ್ಲ. ಗೋದಾವರಿ ಕಡೆಯ ಮಾರೇಡುಮಿಲ್ಲಿಯಲ್ಲಿ ಅರಣ್ಯ ಇಲಾಖೆಯೊಡನೆ ಸ್ಥಳೀಯರ ವನಸಂರಕ್ಷಣಾ ಸಮಿತಿಗಳು ಸೇರಿ ಪ್ರವಾಸಿಗಳ ವಸತಿಯನ್ನು ನಡೆಸುವ ಪ್ರಯತ್ನ ನಡೆದಿದೆ. ಅಲ್ಲೂ ಹಾಸಿಗೆ ಉಂಟು, ಊಟ ಉಂಟು. ದಾರಿ ತೋರಿಸುವವನೇ ಮನೆಯ ಯಜಮಾನನಾದರೆ ಸುಖಕ್ಕೇನೂ ಕೊರತೆಯಾಗುವುದಿಲ್ಲ.

ಪರವೂರಿನಲ್ಲಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಪಂಪನ ಪೂರ್ವಿಕರು ಇದೇ ಆಂಧ್ರದ ವೆಂಗಿ ನಾಡಿನವರು. ಅವನು ಬನವಾಸಿಯನ್ನು ನೆನೆದಾಗ ಬರೀ ಹಸುರು ನೆನೆಯಲಿಲ್ಲ, ಅಲ್ಲಿನ ಜನರ ಬದುಕಿನ ರುಚಿಯನ್ನು ನೆನೆದ. ನಾವೂ ಹಾಗೆಯೇ. ಮಲೆನಾಡಿನ ನಮ್ಮ ಹುಟ್ಟೂರಿಗೆ ಈಗ ವಾರದ ಕೊನೆಗೆ ಬೆಂಗಳೂರಿನ ಕಾರುಗಳು ಬರುತ್ತವೆ. ಎಷ್ಟು ಚೆಂದದ ಜಾಗ ಎಂದು ಅವರು ಹೇಳಿ ಹೋಗುತ್ತಾರೆ. ಅಜ್ಜನ ಗದ್ದೆ ಅವರಿಗೆ ಒಂದು ಜಾಗ. ಅದನ್ನು ಕೇಳಿ ನೊಂದುಕೊಂಡ ನಾವೇ ಲಂಬಸಿಂಗಿಯಲ್ಲಿ ಇನ್ನೊಬ್ಬರ ರಾಗಿಯ ಹೊಲಕ್ಕೆ ಎಷ್ಟು ಚೆಂದದ ಜಾಗ ಎಂದೆವು.

ಈ ಸಲದ ರಜೆಗೆ ಹಣ ಕಟ್ಟುವ ಮುನ್ನ ಬಂಧುಗಳು ಮೂರು ಮಾತು ವಿಚಾರಿಸಲಿ ಎಂದು ನಮ್ಮ ವಿನಂತಿ. ಡೇರೆ ನಿಂತ ನೆಲ ಯಾರದು? ಕಣಿವೆಯನ್ನು ತೋರಿಸುವವರು ಆ ಕಣಿವೆಯವರೇ, ಅದಕ್ಕಾಗಿ ಅವರಿಗೆ ಸಂಬಳವುಂಟೇ? ಊಟಕ್ಕೆ ಅಲ್ಲಿನ ಅಡಿಗೆ ಸಿಗುತ್ತದೆಯೇ? ನಾಲ್ಕು ಕನ್ನಡ ಮನೆಗಳು ಕೇಳಿದರೆ ವ್ಯಾಪಾರಿ ನಗಬಹುದು. ನಲವತ್ತು ಮನೆಗಳು ಕೇಳಿದರೆ ಉತ್ತರ ಹುಡುಕುತ್ತಾನೆ.

ಹೊರಡುವ ದಿನ ನಮ್ಮ ಮಗಳು ಆ ಹಿರಿಯರ ಮನೆಯಲ್ಲಿ ಒಂದು ಲೋಟ ಚೋಡಿ ಅಂಬಲಿ ಕುಡಿದು ಬಂದಳು. ಶಾಲೆಯಲ್ಲಿ ಪ್ರವಾಸದ ಪ್ರಬಂಧ ಬರೆಯಲು ಹೇಳಿದಾಗ ಡೇರೆಯ ವಿಷಯ ಎರಡು ಸಾಲು ಬರೆದಿದ್ದಾಳೆ, ಅಂಬಲಿಯ ವಿಷಯ ಒಂದು ಪುಟ. ನಮ್ಮ ಈ ಉದ್ದದ ವಿಮರ್ಶೆಗಿಂತ ಅವಳದೇ ಸರಿಯೆಂದು ತೋರುತ್ತದೆ.