ಜೈವಿಕ ಸೂಚಕ : ಒಂದು ಲಕ್ಷಣವಿಮರ್ಶೆ

ಈಚಿನ ಕೆಲವು ವರ್ಷಗಳಿಂದ ಕನ್ನಡದ ವೃತ್ತಪತ್ರಿಕೆಗಳಲ್ಲಿಯೂ ವಿಜ್ಞಾನವನ್ನು ತಿಳಿಯಹೇಳುವ ಪುಸ್ತಕಗಳಲ್ಲಿಯೂ ‘ಜೈವಿಕ ಸೂಚಕ’ ಎಂಬ ಮಾತು ಬಳಕೆಗೆ ಬಂದಿರುವುದು. ಇದು ‘ಬಯೋಮಾರ್ಕರ್’ ಎಂಬ ಆಂಗ್ಲಪದಕ್ಕೆ ಕಟ್ಟಿದ ಪ್ರತಿಪದ. ಕೆಲವರು ‘ಜೈವಿಕ ಗುರುತು’ ಎನ್ನುವರು. ಮತ್ತೆ ಕೆಲವರು ಆಂಗ್ಲಪದವನ್ನೇ ಕನ್ನಡಲಿಪಿಯಲ್ಲಿ ಬರೆದು ಸುಮ್ಮನಾಗುವರು. ರಕ್ತದಲ್ಲಿಯೋ ಮೂತ್ರದಲ್ಲಿಯೋ ಹಾಲಿನಲ್ಲಿಯೋ ಇರುವ ಒಂದು ಪ್ರೋಟೀನನ್ನು ಅಳೆದು, ಆ ಅಳತೆಯಿಂದ ಹಸುವಿಗೆ ಕೆಚ್ಚಲುಬಾವು ಬಂದಿದೆಯೆಂದೋ, ನಾಯಿಯ ಒಡಲಲ್ಲಿ ಉರಿಯೂತವಿದೆಯೆಂದೋ, ಮನುಷ್ಯನಿಗೆ ಅರ್ಬುದವುಂಟೆಂದೋ ಊಹಿಸುವ ವಿದ್ಯೆ ಇಂದು ಬಹುವಾಗಿ ಬೆಳೆದಿದೆ. ವಿದ್ಯೆಯು ಬೆಳೆದಷ್ಟು ಅದನ್ನು ಕುರಿತ ಕನ್ನಡ ಬರೆವಣಿಗೆಯು ಹದಗೊಂಡಿಲ್ಲ. ಒಂದು ತೊಟ್ಟು ರಕ್ತದಿಂದ ಕ್ಯಾನ್ಸರನ್ನು ಕಂಡುಹಿಡಿದುಬಿಡಬಹುದು ಎಂಬ ಧಾಟಿಯ ವಾಕ್ಯಗಳನ್ನು ವಾಚಕರೆಲ್ಲರೂ ಓದಿಯೇ ಇರುವರು. ಇಂಥ ವಾಕ್ಯವನ್ನು ನಂಬಿದವನು ಪರೀಕ್ಷೆಯ ಫಲವು ಹೌದೆಂದು ಬಂದರೆ ಸಾಯುವ ಮುನ್ನವೇ ಸಾಯುವನು. ಇಲ್ಲವೆಂದು ಬಂದರೆ ಎಚ್ಚರವನ್ನು ಬಿಡುವನು. ಆದಕಾರಣ ಇಲ್ಲಿಯ ಶಬ್ದವಿಚಾರವು ಬರಿಯ ಶಬ್ದವಿಚಾರವಲ್ಲ.

ವೈದ್ಯಕದಲ್ಲಿ ತೀರ್ಪು ಕೊಡುವ ಅಧಿಕಾರ ಈ ಲೇಖಕನಿಗಿಲ್ಲ. ಆದರೆ ಕಂಡುದರಿಂದ ಕಾಣದುದನ್ನು ತಿಳಿಯುವುದು ಅನುಮಾನ. ಅನುಮಾನದ ಗುಣದೋಷಗಳನ್ನು ಪರೀಕ್ಷಿಸುವುದು ತರ್ಕಶಾಸ್ತ್ರದ ಕೆಲಸ. ಇಲ್ಲಿ ಪ್ರೋಟೀನು ಹೊಗೆಯ ಸ್ಥಾನದಲ್ಲಿದೆ, ರೋಗವು ಬೆಂಕಿಯ ಸ್ಥಾನದಲ್ಲಿದೆ, ರೋಗಿಯೇ ಪರ್ವತ. ಹೊಗೆಯ ಬಗೆ ಹೊಸತಾದ ಮಾತ್ರಕ್ಕೆ ಊಹಿಸುವ ಕ್ರಮದ ನಿಯಮಗಳು ಸಡಿಲವಾಗಲಾರವು.

ಮೊದಲು ಪದಗಳನ್ನು ನೋಡೋಣ. ‘ಪ್ರೋಟೀನು’ ಎಂಬುದಕ್ಕೆ ಹಿಂದಿನ ಪಾಠಪುಸ್ತಕಗಳವರು ‘ಸಸಾರಜನಕ’ ಎಂಬ ಪದವನ್ನು ಕಟ್ಟಿದ್ದರು. ಸಾರಜನಕದಿಂದ ಕೂಡಿದುದು ಎಂದು ಅದರ ಅರ್ಥ. ಮೂತ್ರದ ಯೂರಿಯವೂ ಸಾರಜನಕದಿಂದ ಕೂಡಿದುದೇ, ಮದ್ದಿನ ಪೆಟ್ಲುಪ್ಪೂ ಕೂಡಿದುದೇ. ಅತಿವ್ಯಾಪ್ತಿಯು ಹೆಸರಿನಲ್ಲಿಯೇ ಕುಳಿತಿದ್ದುದರಿಂದಲೋ ಏನೋ, ಆ ಪದವು ತರಗತಿಯ ಕೊಠಡಿಯಿಂದ ಹೊರಕ್ಕೆ ಹೆಚ್ಚಾಗಿ ಬರಲಿಲ್ಲ. ‘ಜೈವಿಕ ಸೂಚಕ’ಕ್ಕೂ ಇದೇ ಬಾಧೆಯುಂಟು. ಗಾಳಿಯ ನೈರ್ಮಲ್ಯವನ್ನು ತಿಳಿಸುವ ಕಲ್ಲುಹೂವನ್ನೂ ಪರಿಸರಶಾಸ್ತ್ರದವರು ಜೈವಿಕ ಸೂಚಕವೆಂದೇ ಕರೆಯಬಹುದಷ್ಟೆ. ಅದಕ್ಕಿಂತ ದೊಡ್ಡ ತೊಡಕೆಂದರೆ ‘ಸೂಚಕ’ವು ಸಾಕಾಂಕ್ಷಪದ, ಏನನ್ನು ಸೂಚಿಸುವುದು, ಯಾರಲ್ಲಿ ಸೂಚಿಸುವುದು ಎಂಬ ಆಕಾಂಕ್ಷೆಯು ತೀರದೆ ಅದು ಅರ್ಥವನ್ನು ಕೊಡಲಾರದು. ನಮ್ಮ ಬರೆಹಗಾರರು ಆ ಎರಡನ್ನೂ ಬಿಟ್ಟು ಸೂಚಕವನ್ನು ಮಾತ್ರ ಉಳಿಸಿಕೊಂಡಿರುವರು.

ತರ್ಕವನ್ನು ಓದಿದವರಿಗೆ ಹಸುವಿನ ಲಕ್ಷಣದ ಉದಾಹರಣೆ ಚಿರಪರಿಚಿತವಾದುದು. ಕಪಿಲವರ್ಣವೇ ಹಸುವಿನ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದೆಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಗಂಗೆದೊಗಲೊಂದೇ ಎಲ್ಲ ಹಸುಗಳಲ್ಲಿಯೂ ಇದ್ದು ಮಿಕ್ಕವುಗಳಲ್ಲಿ ಇಲ್ಲದುದೆಂದು ಅದನ್ನೇ ಲಕ್ಷಣವಾಗಿ ಹೇಳಿರುವರು. ಆಧುನಿಕ ವೈದ್ಯರು ಒಂದು ಪರೀಕ್ಷೆಯ ಯೋಗ್ಯತೆಯನ್ನು ಎರಡು ಅಳತೆಗಳಿಂದ ಅಳೆಯುವರು: ರೋಗವುಳ್ಳವರಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯಿತು ಎಂಬುದೊಂದು, ರೋಗವಿಲ್ಲದವರಲ್ಲಿ ಎಷ್ಟು ಮಂದಿಯನ್ನು ಬಿಟ್ಟಿತು ಎಂಬುದಿನ್ನೊಂದು. ಮೊದಲನೆಯದು ಕುಂದಿದರೆ ಅವ್ಯಾಪ್ತಿ. ಎರಡನೆಯದು ಕುಂದಿದರೆ ಅತಿವ್ಯಾಪ್ತಿ.

ಇಲ್ಲಿ ಸೂಕ್ಷ್ಮವಾದ ಒಂದು ಭೇದವನ್ನು ಗಮನಿಸಬೇಕು. ಲಕ್ಷಣವೇ ಬೇರೆ, ಲಿಂಗವೇ ಬೇರೆ. ಲಕ್ಷಣಕ್ಕೆ ಎರಡು ದೋಷಗಳೂ ಕೂಡವು. ಲಿಂಗಕ್ಕಾದರೋ ವ್ಯಭಿಚಾರವಿಲ್ಲದಿದ್ದರೆ ಸಾಕು. ಸಾಧ್ಯವಿರುವ ಎಡೆಯಲ್ಲೆಲ್ಲ ಅದು ಇರಲೇಬೇಕೆಂಬುದಿಲ್ಲ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಅಷ್ಟರಿಂದ ಹೊಗೆಯು ಬೆಂಕಿಗೆ ಕೆಟ್ಟ ಲಿಂಗವಾಗದು. ಆದರೆ ಹೊಗೆ ಕಾಣದುದರಿಂದ ಬೆಂಕಿಯಿಲ್ಲವೆಂದು ನಿಶ್ಚಯಿಸುವವನು ಕೈಸುಟ್ಟುಕೊಳ್ಳುವನು. ವೈದ್ಯರು ಈ ಭೇದವನ್ನು ಅಷ್ಟಾಗಿ ಎಣಿಸಿದವರಲ್ಲ. ಚರಕಸಂಹಿತೆಯ ನಿದಾನಸ್ಥಾನವು ಲಿಂಗ, ಲಕ್ಷಣ, ಚಿಹ್ನ, ರೂಪ ಮೊದಲಾದವನ್ನು ಪರ್ಯಾಯಪದಗಳಾಗಿಯೇ ತೆಗೆದುಕೊಂಡಿದೆ. ಕಣ್ಣಿಗೆ ಕಾಣುವ ಹತ್ತಾರು ಚಿಹ್ನೆಗಳನ್ನು ಒಟ್ಟಿಗೆ ತೂಗಿನೋಡುವ ಚಿಕಿತ್ಸಕನಿಗೆ ಅದರಿಂದ ಹಾನಿಯಿರಲಿಲ್ಲ. ಒಂದೇ ಪ್ರೋಟೀನಿನ ಒಂದೇ ಅಂಕೆಯ ಮೇಲೆ ನಿಲ್ಲುವ ಇಂದಿನ ಬರೆಹಗಾರನಿಗೆ ಹಾನಿಯುಂಟು. ಅವನು ಲಿಂಗವನ್ನು ಲಕ್ಷಣವೆಂದು ಹೇಳುತ್ತಿರುವನು; ಅನೇಕವೇಳೆ ಅದು ಶುದ್ಧವಾದ ಲಿಂಗವೂ ಆಗಿರದು.

ಪ್ರೋಟೀನುಗಳಲ್ಲಿ ಗಂಗೆದೊಗಲಿಗೆ ಬಹು ಸಮೀಪಕ್ಕೆ ಬಂದುದು ಬಹುಶಃ ಎಲ್ಲಕ್ಕಿಂತ ಹಳೆಯದೇ. ೧೮೪೫ರಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯನ ಬಳಿಗೆ ಒಬ್ಬ ರೋಗಿಯ ಮೂತ್ರವು ಪರೀಕ್ಷೆಗೆ ಬಂದಿತು. ಮೊಟ್ಟೆಯ ಬಿಳಿಯಂಥ ಪದಾರ್ಥಗಳು ಕಾಯಿಸಿದರೆ ಹೆಪ್ಪುಗಟ್ಟುವುದು ಸಹಜ. ಈ ಮೂತ್ರದ ಪದಾರ್ಥವು ಕುದಿಯುವ ಬಿಸಿಯಲ್ಲಿ ಕರಗಿ, ತಣಿದಾಗ ಮತ್ತೆ ಗಟ್ಟಿಯಾಗುತ್ತಿತ್ತು. ೧೮೪೭-೪೮ರಲ್ಲಿ ಆತನು ಇದನ್ನು ಪ್ರಕಟಿಸಿದನು. ಅದು ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಮೈಲೋಮವೆಂಬ ಅರ್ಬುದದ ಕುರುಹು. ಪದಾರ್ಥವು ಯಾವುದೆಂಬುದು ೧೯೬೨ರವರೆಗೆ ಬಯಲಾಗಲಿಲ್ಲ. ಆ ವರ್ಷ ಎಡೆಲ್ಮನ್ ಮತ್ತು ಗ್ಯಾಲಿ ಎಂಬವರು ಅದು ಪ್ರತಿಕಾಯಗಳ ಲಘುಸರಪಳಿಯೆಂದು ತೋರಿಸಿದರು. ನೂರು ವರ್ಷಗಳಿಗೆ ಮೀರಿ ವೈದ್ಯರು ಸ್ವರೂಪವನ್ನು ಅರಿಯದೆಯೇ ಕುರುಹನ್ನು ಬಳಸಿದರೆಂಬುದು ತಾರ್ಕಿಕನಿಗೆ ಆಶ್ಚರ್ಯವಲ್ಲ. ಹೊಗೆ ಏತರಿಂದಾದುದೆಂದು ತಿಳಿಯದವನೂ ಬೆಂಕಿಯನ್ನು ಊಹಿಸಬಲ್ಲನಷ್ಟೆ. ನಾಯಿಗಳ ಮೈಲೋಮದಲ್ಲಿಯೂ ಈ ಪ್ರೋಟೀನು ಕೆಲವೆಡೆ ಕಾಣುವುದು, ಎಲ್ಲೆಡೆಯಲ್ಲ. ನಾಯಿಯ ರಕ್ತದಲ್ಲಿ ಒಂದೇ ಬಗೆಯ ಗ್ಲೋಬುಲಿನ್ ಕಿರಿದಾದ ಶಿಖರವಾಗಿ ಏರಿದರೂ ಮೈಲೋಮವನ್ನು ಶಂಕಿಸುವರು. ಆದರೆ ಉಣ್ಣಿಗಳಿಂದ ಹರಡುವ ಎರ್ಲಿಕಿಯೋಸಿಸ್ ಎಂಬ ಜ್ವರವು ಬಹುಕಾಲ ನಿಂತಾಗ ಅಂಥದೇ ಶಿಖರವು ಕೆಲವೊಮ್ಮೆ ಏಳುವುದು. ಉಣ್ಣಿ ಹೇರಳವಾಗಿರುವ ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಶಿಖರವನ್ನು ಕಂಡೊಡನೆ ಅರ್ಬುದವೆಂದರೆ ಕೊಂಬನ್ನು ಕಂಡು ಹಸುವೆಂದಂತಾಯಿತು.

ಪ್ರಾಣಿವೈದ್ಯರು ಈ ವಿಷಯದಲ್ಲಿ ಮನುಷ್ಯವೈದ್ಯರಿಗಿಂತ ಹೆಚ್ಚು ಎಚ್ಚರದವರೆಂದು ನನಗೆ ತೋರುವುದು. ಅವರಿಗೆ ಜಾತಿಭೇದವು ದಿನದ ಅನುಭವ. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ‘ಸಿ-ರಿಯಾಕ್ಟಿವ್’ ಪ್ರೋಟೀನನ್ನು ಕಂಡರು. ಉರಿಯೂತವಾದೊಡನೆ ಅದು ಮನುಷ್ಯನಲ್ಲಿ ಬಹುಮಡಿ ಏರುವುದು, ನಾಯಿಯಲ್ಲಿಯೂ ಏರುವುದು. ಬೆಕ್ಕಿನಲ್ಲಿ ಅದನ್ನು ನಂಬುವಂತಿಲ್ಲ. ಅಲ್ಲಿ ಸೀರಮ್ ಅಮಿಲಾಯ್ಡ್-ಎ ಎಂಬುದನ್ನು ನೋಡುವರು. ಕುದುರೆಗೂ ಅದನ್ನೇ ನೋಡುವರು. ಹಸುವಿಗಾದರೋ ಹ್ಯಾಪ್ಟೊಗ್ಲೋಬಿನ್ ಮುಖ್ಯ. ಆರೋಗ್ಯವಾಗಿರುವ ಹಸುವಿನ ರಕ್ತದಲ್ಲಿ ಅದು ಇಲ್ಲವೆಂಬಷ್ಟು ಅಲ್ಪ, ಕೆಚ್ಚಲುಬಾವು ಗರ್ಭಕೋಶದ ಬಾವು ಮೊದಲಾದವುಗಳಲ್ಲಿ ನೂರುಮಡಿಗೂ ಏರುವುದು. ವ್ಯಾಪ್ತಿಯನ್ನು ಅಡಿಗೆಮನೆಯಲ್ಲಿ ಗ್ರಹಿಸಿದವನು ಬೆಟ್ಟದಲ್ಲಿ ಅದನ್ನು ಬಳಸಬಹುದು. ನಾಯಿಯಲ್ಲಿ ಗ್ರಹಿಸಿದವನು ಹಸುವಿನಲ್ಲಿ ಬಳಸಲಾಗದು. ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯೂ ಮುಪ್ಪಿನಲ್ಲಿ ಮನುಷ್ಯನದರಂತೆ ದಪ್ಪವಾಗುವುದು. ಆದರೆ ಮನುಷ್ಯನಲ್ಲಿ ಅಳೆಯುವ ಪಿ.ಎಸ್.ಎ. ಎಂಬ ಪ್ರೋಟೀನು ಅದರಲ್ಲಿಲ್ಲ, ಬೇರೊಂದು ಎಸ್ಟರೇಸ್ ಇದೆ. ಆ ಎಸ್ಟರೇಸ್ ಕೂಡ ಗ್ರಂಥಿಯ ಸಾಧಾರಣ ಬೆಳೆವಣಿಗೆಯನ್ನು ಹೇಳುವುದೇ ಹೊರತು ಅರ್ಬುದವನ್ನು ಬೇರ್ಪಡಿಸಿ ಹೇಳಲಾರದು.

ಇನ್ನು ಉಪಾಧಿ. ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿದೆಯೆಂದು ಹೇಳುವವನಿಗೆ ಹಸಿಯ ಸೌದೆಯು ಉಪಾಧಿಯೆಂದು ತೋರಿಸಿಕೊಡುವರು. ನಾಯಿಗೆ ಸ್ಟೀರಾಯ್ಡ್ ಔಷಧಗಳನ್ನು ಕೊಟ್ಟರೆ ಉರಿಯೂತವಿಲ್ಲದೆಯೂ ಹ್ಯಾಪ್ಟೊಗ್ಲೋಬಿನ್ ಏರುವುದು; ರಕ್ತಕಣಗಳು ಒಡೆಯುವ ರೋಗದಲ್ಲಿ ಉರಿಯೂತವಿದ್ದರೂ ಅದು ಇಳಿಯಬಹುದು. ಇವು ಬಲ್ಲವರಿಗೆ ಕಾಣುವ ಉಪಾಧಿಗಳು. ಕಾಣದ ಉಪಾಧಿಯು ಹೆಚ್ಚು ಅಪಾಯಕರ. ೨೦೦೨ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನವು ರಕ್ತದ ಪ್ರೋಟೀನುಗಳ ಒಟ್ಟು ವಿನ್ಯಾಸದಿಂದ ಅಂಡಾಶಯದ ಅರ್ಬುದವನ್ನು ಗುರುತಿಸಬಹುದೆಂದು ಸಾರಿತು. ರೋಗವಿದ್ದ ೫೦ ಮಾದರಿಗಳಲ್ಲಿ ೫೦ನ್ನೂ, ಅರ್ಬುದವಿಲ್ಲದ ೬೬ರಲ್ಲಿ ೬೩ನ್ನೂ ಸರಿಯಾಗಿ ಹೇಳಿತೆಂದು ಲೆಕ್ಕ. ಜಗತ್ತೆಲ್ಲ ಬೆರಗಾಯಿತು. ಪ್ರಕಟವಾಗಿದ್ದ ಅಂಕೆಗಳನ್ನು ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞರು ಮರಳಿ ಪರೀಕ್ಷಿಸಿ, ಒಂದು ಪ್ರಯೋಗದ ಫಲವು ಇನ್ನೊಂದರಲ್ಲಿ ನಿಲ್ಲುವುದಿಲ್ಲವೆಂದೂ, ರೋಗಭೇದವೆಂದು ಕಂಡುದು ಮಾದರಿಗಳನ್ನು ಸಂಸ್ಕರಿಸಿದ ಕ್ರಮದ ಭೇದವಾಗಿರಬಹುದೆಂದೂ ೨೦೦೪ರಲ್ಲಿ ಬರೆದರು. ಹೊಗೆಯನ್ನು ಅಳೆಯಹೋಗಿ ಸೌದೆಯನ್ನು ಅಳೆದಂತಾಯಿತು. ಮೊದಲ ಲೇಖನದ ಸುದ್ದಿಗೆ ಸಿಕ್ಕ ಪ್ರಚಾರವು ಎರಡನೆಯದಕ್ಕೆ ಸಿಕ್ಕಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಪಿ.ಎಸ್.ಎ.ಯ ಕಥೆಯು ಎಲ್ಲಕ್ಕಿಂತ ಬೋಧಪ್ರದವಾದುದು. ಅಮೆರಿಕದ ಸರ್ಕಾರವು ೧೯೮೬ರಲ್ಲಿ ಅದಕ್ಕೆ ಅನುಮತಿ ಕೊಟ್ಟುದು ಅರ್ಬುದವುಂಟೆಂದು ಆಗಲೇ ನಿಶ್ಚಯವಾದವರಲ್ಲಿ ರೋಗದ ಏರಿಳಿತವನ್ನು ನೋಡುವುದಕ್ಕೆ. ರೋಗವನ್ನು ಕಂಡುಹಿಡಿಯಲು ನೆರವಾಗಿ ಬಳಸುವುದಕ್ಕೆ ಅನುಮತಿ ದೊರೆತುದು ೧೯೯೪ರಲ್ಲಿ. ಆ ಪ್ರೋಟೀನು ಗ್ರಂಥಿಗೆ ಅಸಾಧಾರಣವೇ ಹೊರತು ಅರ್ಬುದಕ್ಕೆ ಅಸಾಧಾರಣವಲ್ಲ. ಗ್ರಂಥಿಯು ಬೆಳೆದರೂ ಏರುವುದು, ಬಾತರೂ ಏರುವುದು. ಇದು ಅತಿವ್ಯಾಪ್ತಿ. ಅವ್ಯಾಪ್ತಿಯನ್ನು ೨೦೦೪ರಲ್ಲಿ ಪ್ರಕಟವಾದ ಒಂದು ಪರೀಕ್ಷಣವು ತೋರಿಸಿತು: ನಿರಪಾಯವೆಂದು ಎಣಿಸುತ್ತಿದ್ದ ೪ರ ಅಂಕೆಯನ್ನು ಮೀರದಿದ್ದ ೨,೯೫೦ ಪುರುಷರ ಗ್ರಂಥಿಯ ತುಣುಕನ್ನು ತೆಗೆದುನೋಡಿದಾಗ ನೂರಕ್ಕೆ ೧೫.೨ ಮಂದಿಯಲ್ಲಿ ಅರ್ಬುದವಿತ್ತು. ಕಾಯ್ದ ಕಬ್ಬಿಣದ ಗುಂಡಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನನಗೆ ತೋರದು. ಅಮೆರಿಕದ ರೋಗನಿರೋಧಕ ಸಲಹಾಮಂಡಲಿಯು ೨೦೧೨ರಲ್ಲಿ ಎಲ್ಲರಿಗೂ ಈ ಪರೀಕ್ಷೆ ಬೇಡವೆಂದಿತು. ೨೦೧೮ರಲ್ಲಿ, ೫೫ರಿಂದ ೬೯ ವರ್ಷದವರು ವೈದ್ಯರೊಡನೆ ಆಲೋಚಿಸಿ ತಾವೇ ನಿಶ್ಚಯಿಸಲಿ ಎಂದು ಬದಲಾಯಿಸಿತು.

ಇಲ್ಲಿ ಪಕ್ಷತೆಯ ವಿಚಾರವು ಬರುವುದು. ಸಾಧ್ಯವು ಉಂಟೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯಾದುದೇ ಪಕ್ಷವೆಂದು ಪ್ರಾಚೀನರು ಹೇಳಿದರು. ಸಂದೇಹವಿಲ್ಲದೆಯೂ ಅನುಮಾನವುಂಟು, ಮನೆಯೊಳಗಿದ್ದವನು ಗುಡುಗನ್ನು ಕೇಳಿ ಮೋಡವನ್ನು ತಿಳಿಯುವಂತೆ, ಎಂದು ನವ್ಯರು ಆಕ್ಷೇಪಿಸಿದರು. ಗುಡುಗಿಗೆ ವ್ಯಭಿಚಾರವಿಲ್ಲದುದರಿಂದ ಆ ಆಕ್ಷೇಪವು ನಿಂತಿತು. ವ್ಯಭಿಚಾರವುಳ್ಳ ಕುರುಹಿನಲ್ಲಿ ಪ್ರಾಚೀನರ ಮಾತನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಲೆಕ್ಕವೊಂದನ್ನು ಕಲ್ಪಿಸೋಣ. ಯಾವ ಶಂಕೆಯೂ ಇಲ್ಲದ ೧೦,೦೦೦ ಮಂದಿಯಲ್ಲಿ ೧೦ ಮಂದಿಗೆ ರೋಗವಿದೆಯೆನ್ನಿ. ಪರೀಕ್ಷೆಯು ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯಲಿ. ನಿರೋಗಿಗಳಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ಹಿಡಿಯಲಿ. ಹೌದೆಂದು ಉತ್ತರ ಬಂದವರು ೫೦೦ಕ್ಕೂ ಹೆಚ್ಚು. ಅವರಲ್ಲಿ ನಿಜವಾದ ರೋಗಿಗಳು ೯. ಅದೇ ಪರೀಕ್ಷೆಯನ್ನು, ಲಕ್ಷಣಗಳನ್ನು ಕಂಡು ವೈದ್ಯನು ಶಂಕಿಸಿದ ನೂರು ಮಂದಿಯಲ್ಲಿ ಐವತ್ತು ರೋಗಿಗಳಿರುವೆಡೆ ಬಳಸಿದರೆ, ಹೌದೆಂಬ ಸುಮಾರು ೪೭ ಉತ್ತರಗಳಲ್ಲಿ ೪೫ ನಿಜ. ಪ್ರೋಟೀನು ಅದೇ, ಅಂಕೆ ಅದೇ. ಪಕ್ಷವು ಮಾತ್ರ ಬೇರೆ.

ಬೇಗ ಕಂಡರೆ ಬದುಕು ಉಳಿಯುವುದೆಂಬುದೂ ಸ್ವತಃಸಿದ್ಧವಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮೀರಿದ ಹೆಂಗಸರನ್ನು ಒಳಗೊಂಡ ಪರೀಕ್ಷಣದಲ್ಲಿ, ಸಿ.ಎ. ೧೨೫ ಎಂಬ ಪ್ರೋಟೀನನ್ನು ವರ್ಷವರ್ಷವೂ ಅಳೆದ ಗುಂಪಿನಲ್ಲಿ ಅಂಡಾಶಯದ ಅರ್ಬುದವು ಮೊದಲ ಹಂತದಲ್ಲಿಯೇ ಸಿಕ್ಕುವುದು ಹೆಚ್ಚಾಯಿತು. ಆದರೂ ಆ ರೋಗದಿಂದ ಸಾಯುವವರ ಸಂಖ್ಯೆ ಇಳಿಯಲಿಲ್ಲವೆಂದು ೨೦೨೧ರಲ್ಲಿ ತಿಳಿದುಬಂದಿತು. ಜ್ಞಾಪಕವಾದುದೆಲ್ಲ ಕಾರಕವಾಗದು.

ಹೊಸ ಪದ ಯಾವುದಾಗಬೇಕು? ಶಾಸ್ತ್ರದ ‘ಗಮಕ’ವು ಚೆನ್ನಾಗಿ ಹೊಂದುತ್ತಿತ್ತು, ಕನ್ನಡದಲ್ಲಿ ಅದು ಕಾವ್ಯವಾಚನಕ್ಕೆ ಮೀಸಲಾಗಿದೆ. ‘ಲಿಂಗ’ವನ್ನು ವೈಯಾಕರಣರೂ ಶಿವಭಕ್ತರೂ ಬಿಟ್ಟುಕೊಡಲಾರರು. ‘ಕುರುಹು’ ಎಂಬ ಅಚ್ಚಗನ್ನಡದ ಪದವೇ ನನಗೆ ಮೇಲೆಂದು ತೋರುವುದು. ಕುರುಹು ಎಂದೊಡನೆ ‘ಯಾವುದರ ಕುರುಹು?’ ಎಂದು ಕೇಳದೆ ಇರಲು ಕನ್ನಡಿಗನಿಗೆ ಆಗದು. ಹಸುವಿನಲ್ಲಿ ಉರಿಯೂತದ ಕುರುಹು, ಮನುಷ್ಯನಲ್ಲಿ ಮೈಲೋಮದ ಕುರುಹು ಎಂದು ಪೂರ್ಣವಾಗಿ ಬರೆದರೆ ಅರ್ಧ ದೋಷವು ತಾನಾಗಿ ಹೋಗುವುದು. ಇದನ್ನೆಲ್ಲ ಪ್ರಾಚೀನರು ಬಲ್ಲವರಾಗಿದ್ದರೆಂದು ಯಾರೂ ಉಬ್ಬಬೇಕಾಗಿಲ್ಲ. ೧೨ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನೆಂಬುದು ನಮಗೆ ಹೆಮ್ಮೆಯೇ, ಆದರೆ ಅದು ಔಷಧದೊಡನೆ ಮಂತ್ರವನ್ನೂ ಬೆರಸಿದ ಗ್ರಂಥ, ಅಲ್ಲಿ ಹ್ಯಾಪ್ಟೊಗ್ಲೋಬಿನನ್ನು ಹುಡುಕುವುದು ವಿದ್ವತ್ತಲ್ಲ.

ಕೋಶಕರ್ತರಿಗೆ ಒಂದು ಮಾತು. ರೋಗವು ಮುಂದೆ ಯಾವ ಗತಿಯನ್ನು ಹಿಡಿಯುವುದೆಂದು ಹೇಳುವ ಕುರುಹನ್ನೂ, ಇಂಥ ಔಷಧವು ಈ ರೋಗಿಗೆ ಹತ್ತುವುದೆಂದು ಹೇಳುವ ಕುರುಹನ್ನೂ ಆಂಗ್ಲರು ಎರಡು ಬೇರೆ ಪದಗಳಿಂದ ಕರೆಯುವರು. ಕನ್ನಡದಲ್ಲಿ ಎರಡಕ್ಕೂ ‘ಮುನ್ಸೂಚಕ’ವೆಂದು ಬರೆದರೆ ಭೇದವು ಅಳಿದುಹೋಗುವುದು. ಎರಡನೆಯದಕ್ಕೆ ಆಯುರ್ವೇದದ ‘ಉಪಶಯ’ವನ್ನು ತರಬಹುದೆಂದು ಕೆಲವರಿಗೆ ತೋರೀತು. ಅದು ಸಲ್ಲದು: ಉಪಶಯದಲ್ಲಿ ಔಷಧವು ಹತ್ತಿದುದರಿಂದ ರೋಗವನ್ನು ತಿಳಿಯುವರು, ಇಲ್ಲಿ ಕುರುಹಿನಿಂದ ಔಷಧವು ಹತ್ತುವುದನ್ನು ತಿಳಿಯುವರು; ದಾರಿ ತಿರುಗುಮುರುಗು. ‘ಗತಿಯ ಕುರುಹು’, ‘ಔಷಧಫಲದ ಕುರುಹು’ ಎಂದರೆ ಸಾಕು. ಸ್ತನದ ಅರ್ಬುದದಲ್ಲಿ ಹರ್-೨ ಎಂಬ ಪ್ರೋಟೀನು ಹೆಚ್ಚಾಗಿದ್ದರೆ ರೋಗವು ಉಗ್ರವಾಗಿ ಬೆಳೆಯುವುದೆಂದು ಮೊದಲು ತಿಳಿದಿತ್ತು. ಆ ಪ್ರೋಟೀನಿಗೇ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧವು ೧೯೯೮ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೇಲೆ ಅದೇ ಪ್ರೋಟೀನು ಔಷಧಫಲದ ಕುರುಹೂ ಆಯಿತು. ಕೆಡುಕನ್ನು ಹೇಳುತ್ತಿದ್ದುದೇ ನೆರವನ್ನೂ ಹೇಳತೊಡಗಿತು. ಇಂಥ ಒಂದು ಪದಾರ್ಥಕ್ಕೆ ಕೋಶದಲ್ಲಿ ಒಂದೇ ಅರ್ಥವನ್ನು ಕೊಟ್ಟರೆ ಸಾಲದು. ಎರಡು ಅರ್ಥಗಳನ್ನೂ, ಎರಡು ವರ್ಷಮಾನಗಳೊಡನೆ, ಬೇರೆ ಬೇರೆಯಾಗಿ ಕಾಣಿಸಬೇಕು.