‘ರಿ’ ಬಿಡದ ಸಿಟ್ಟು

ಬೆಳಗಾವಿಯವರು ಒರಟರು, ಬಾಯಿ ತೆರೆದರೆ ಬೈಗುಳ ಎಂಬುದು ನಮ್ಮ ಸಿನಿಮಾದವರು ಹಬ್ಬಿಸಿದ ಸುದ್ದಿ. ಅವರು ಈ ಭಾಷೆಯ ಗದ್ದಲವನ್ನಷ್ಟೇ ಎತ್ತಿಕೊಂಡರು, ನಯಗಾರಿಕೆ ಕೈಗೆ ಸಿಗಲಿಲ್ಲ.

ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದಾಗ ಸಾಲು ಮುರಿದು ಬೈಕ್ ನುಗ್ಗಿಸುವವನಿಗೆ ಹಿಂದಿನಿಂದ ಬರುವ ಮಾತು ಕೇಳಬೇಕು: ‘ಹೋಗ್ರಿ ಸಾಹೇಬ್ರ, ನೀವ ಮೊದ್ಲ ಹೋಗ್ರಿ. ನಮಗೇನ್ ಕೆಲಸ ಐತ್ರಿ?’ ಒಂದೂ ಕೆಟ್ಟ ಶಬ್ದವಿಲ್ಲ, ಆದರೂ ಬೈಕಿನವನು ತಲೆ ಎತ್ತಲಾರ. ಮರ್ಯಾದೆ ಕೊಟ್ಟುಕೊಟ್ಟೇ ಮರ್ಯಾದೆ ಕಳೆಯುವುದು ಇಲ್ಲಿನವರಿಗೆ ಕರಗತ. ಪಿತ್ತ ನೆತ್ತಿಗೇರಿ ‘ನಾಚಿಕಿ ಬರಂಗಿಲ್ಲೇನ್ರಿ ನಿಮಗ?’ ಎನ್ನುವಾಗಲೂ ಕೊನೆಯ ‘ರಿ’ ಕಳಚುವುದಿಲ್ಲ. ಅದು ಕಳಚಿ ‘ಲೇ’ ಬಂತೋ, ಬಾಯಿ ಕೆಲಸ ಮುಗಿದು ಕೈ ಕೆಲಸ ಶುರು.

ಖಾನಾಪುರದ ಕಡೆ ‘ಅಹೋ’ ಎಂದು ಮರಾಠಿಯಲ್ಲಿ ಎದ್ದ ತಕರಾರು ‘ಭಾಳ ಶಾಣ್ಯಾ ಅದೀರಿ ಬಿಡ್ರಿ’ ಎಂದು ಕನ್ನಡದಲ್ಲಿ ಇಳಿಯಬಹುದು. ಗಡಿ ತಂಟೆಯಲ್ಲಿ ಎದುರುಬದುರು ನಿಲ್ಲುವವರು ಕೊಂಕು ಮಾತಿಗೆ ಬಂದಾಗ ಒಂದೇ ಮನೆಯವರು.

2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನವೆಂದರೆ ಹೊರಗೆ ಪ್ರತಿಭಟನೆಗಳ ಜಾತ್ರೆಯೂ ಹೌದು. ‘ಬಾಯಿ ಬಾಯಿ ಬಡ್ಕೊಂಡ್ರೂ ಕೇಳಂಗಿಲ್ಲ’ ಎಂಬ ಮಾತು ಇಂಥ ಕಡೆ ಮೈ ತಳೆಯುತ್ತದೆ. ಹೋಳಿಯ ಲಬೋ ಲಬೋ ಸರ್ಕಾರದ ಬಾಗಿಲಿಗೆ ಬರುತ್ತದೆ, ರೈತರ ಕೈಯಲ್ಲಿ ಬಾರಕೋಲು ಕುಣಿಯುತ್ತದೆ. ಇಷ್ಟಕ್ಕೆ ನನ್ನ ಶಹಬ್ಬಾಸ್. ಆದರೆ ಕೆಲಸಗಳ್ಳ ಅಧಿಕಾರಿಗೆ ‘ಬಳಿ ತೊಟ್ಕೊಳ್ರಿ’ ಎಂದು ಹಂಗಿಸುವಾಗ ಈ ನುಡಿಗಟ್ಟು ಮುಗ್ಗರಿಸುತ್ತದೆ. ಬಿಸಿಲಲ್ಲಿ ಅದೇ ಧರಣಿ ಕೂತ ಹೆಂಗಸರ ಕೈಯಲ್ಲೂ ಬಳೆ ಇವೆಯಲ್ಲ! ತಾಯಿಯನ್ನು ಎಳೆದು ತರುವ ಬೈಗುಳಗಳದೂ ಇದೇ ದಾರಿದ್ರ್ಯ: ತಪ್ಪು ಗಂಡಸಿನದು, ಏಟು ಅವನ ಅವ್ವನಿಗೆ. ಹೆಣ್ಣಿನ ಸಿಟ್ಟು ಎಷ್ಟು ಮೊನಚೆಂದು ತಿಳಿಯದ ಜಿಲ್ಲೆಯೂ ಇದಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನು ಕೊಟ್ಟ ಶ್ರೀಕೃಷ್ಣ ಪಾರಿಜಾತ ಬಯಲಾಟ ರಂಗೇರುವುದೇ ಸತ್ಯಭಾಮೆಯ ಮುನಿಸಿನಿಂದ. ಹೂ ಸವತಿಯ ಪಾಲಾಯಿತೆಂದು ಅವಳು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಬೈಗುಳವಲ್ಲ, ‘ಎಲ್ಲಾ ನಮ್ಮ ಹಣೇಬಾರ್ರಿ’ ಎಂಬ ಸಭ್ಯ ಮಾತು. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯ ರಸ್ತೆ ಕಿತ್ತು ಬಸ್ಸು ತಡವಾದರೆ ನಿಲ್ದಾಣದಲ್ಲಿ ಯಾರಾದರೊಬ್ಬರು ಇದನ್ನು ಅಂದೇ ಅನ್ನುತ್ತಾರೆ. ಕೂಡಲೇ ಸುತ್ತಲಿನವರ ಸಿಟ್ಟೂ ತಣ್ಣಗಾಗುತ್ತದೆ. ರಸ್ತೆಯ ಬಿಲ್ಲು ಬರೆದ ಗುತ್ತಿಗೆದಾರನಿಗೆ ಇದಕ್ಕಿಂತ ಅಗ್ಗದ ವಕೀಲ ಸಿಗಲಾರ.