ಬಾಲಗೀತ ಮುದ್ರಿಕೆಗಳೂ ಪ್ರೌಢರ ಪಾರಿತೋಷಕವೂ

ಕಾವ್ಯವನ್ನು ರಚಿಸುವವನು ಕವಿ; ಅದರ ರಸವನ್ನು ಸವಿದು ಬೆಲೆಕಟ್ಟತಕ್ಕವನು ಸಹೃದಯ. ಇದು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ನಿರ್ಣಯಿಸಿಟ್ಟ ವಿಷಯ. ಆನಂದವರ್ಧನನ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು, ಕಾವ್ಯಗಳ ನಿರಂತರ ಪರಿಶೀಲನದಿಂದ ಯಾರ ಮನಸ್ಸು ಕನ್ನಡಿಯಂತೆ ನಿರ್ಮಲವಾಗಿರುವುದೋ ಅವನೇ ಆ ಹೆಸರಿಗೆ ಅರ್ಹನೆಂದು ಅಭಿಪ್ರಾಯಪಟ್ಟಿರುವನು. ಪ್ರೌಢಕಾವ್ಯದ ಮಟ್ಟಿಗೆ ಈ ಲಕ್ಷಣದಲ್ಲಿ ಕುಂದೇನೂ ಇಲ್ಲ. ಆದರೆ ಐದು ವರ್ಷದ ಕೂಸಿಗೆಂದೇ ಹಾಡಿದ ಹಾಡಿಗೆ ಬೆಲೆಕಟ್ಟುವಾಗ ಸಹೃದಯನ ಪೀಠದಲ್ಲಿ ಕೂರತಕ್ಕವರು ಯಾರು? ಕೂಸಿಗೆ ಪರಿಶೀಲನವಿಲ್ಲ, ಪರಿಶೀಲನವುಳ್ಳವನು ಕೂಸಲ್ಲ. ಈ ತೊಡಕು ಕೇವಲ ಶಾಸ್ತ್ರಚರ್ಚೆಗೆ ಸೇರಿದುದೆಂದು ತಿಳಿಯಲಾಗದು. ಅಮೆರಿಕಾ ದೇಶದಲ್ಲಿ ಮಕ್ಕಳ ಧ್ವನಿಮುದ್ರಿಕೆಗಳಿಗೆ ಅರವತ್ತಕ್ಕೂ ಮಿಕ್ಕ ವರ್ಷಗಳಿಂದ ಸಲ್ಲುತ್ತ ಬಂದಿರುವ ಗ್ರ್ಯಾಮಿ ಪಾರಿತೋಷಕದ ಚರಿತ್ರೆಯನ್ನು ನೋಡಿದರೆ ಇದು ಪ್ರತ್ಯಕ್ಷವಾಗಿ ಕಾಣಬರುವುದು.

ಗ್ರ್ಯಾಮಿ ಎಂಬುದು ಗ್ರಾಮೋಫೋನ್ ಶಬ್ದದ ಸಂಕ್ಷೇಪ. ವಿಜೇತರಿಗೆ ಕೊಡುವ ಪುತ್ಥಳಿಯೂ ಹಳೆಯ ಕಹಳೆಯುಳ್ಳ ಗ್ರಾಮೋಫೋನಿನ ಆಕಾರದ್ದೇ. 1957ನೆಯ ಇಸವಿಯಲ್ಲಿ ಸ್ಥಾಪಿತವಾದ ರೆಕಾರ್ಡಿಂಗ್ ಅಕಾಡೆಮಿಯವರು 1959ನೆಯ ಇಸವಿ ಮೇ ತಿಂಗಳಲ್ಲಿ ಮೊದಲನೆಯ ಪ್ರದಾನಸಭೆಯನ್ನು ನಡೆಯಿಸಿದರು. ಮಕ್ಕಳ ಮುದ್ರಿಕೆಗೆ ಅಂದಿನಿಂದಲೇ ಒಂದು ಪ್ರತ್ಯೇಕ ಸ್ಥಾನವಿತ್ತೆಂಬುದು ಪ್ರಶಂಸನೀಯವೇ ಸರಿ. ಮತ ಕೊಡತಕ್ಕವರು ಮಾತ್ರ ಗಾಯಕರು, ರಚನಕಾರರು, ನಿರ್ಮಾಪಕರು, ಶಬ್ದತಂತ್ರಜ್ಞರು ಮುಂತಾದ ವೃತ್ತಿನಿರತ ಸದಸ್ಯರು. ಸಭೆಯಲ್ಲಿ ವಿದ್ವಾಂಸರಿಗೆ ಕೊರತೆಯಿಲ್ಲ. ಯಾರಿಗಾಗಿ ಹಾಡು ಹುಟ್ಟಿತೋ ಆ ಶ್ರೋತೃವೊಬ್ಬನೇ ಅಲ್ಲಿಲ್ಲ.

ಮೊದಲ ಪಾರಿತೋಷಕವನ್ನು ಪಡೆದುದು ‘ದಿ ಚಿಪ್‌ಮಂಕ್ ಸಾಂಗ್’ ಎಂಬ ವಿನೋದಗೀತೆ. ಡೇವಿಡ್ ಸೆವಿಲ್ ಎಂಬ ಹೆಸರಿನಿಂದ ಪ್ರಸಿದ್ಧನಾದ ರಾಸ್ ಬಗ್ದಸಾರಿಯನ್ ಎಂಬಾತನು ತನ್ನ ಧ್ವನಿಯನ್ನು ಅರ್ಧವೇಗದಲ್ಲಿ ಮುದ್ರಿಸಿ ಪೂರ್ಣವೇಗದಲ್ಲಿ ಹಾಡಿಸಿ, ಮೂರು ಪುಟ್ಟ ಅಳಿಲುಗಳು ಹಾಡುತ್ತಿರುವಂತೆ ಭ್ರಮೆ ಹುಟ್ಟಿಸಿದನು. ಅದೇ ಹಾಡಿಗೆ ಹಾಸ್ಯಕ್ಕೂ ಶಬ್ದತಂತ್ರಕ್ಕೂ ಸಹ ಆ ವರ್ಷವೇ ಪಾರಿತೋಷಕಗಳು ದೊರೆತವು. ಯಂತ್ರದ ಚಮತ್ಕಾರವನ್ನು ಕಂಡು ತಂತ್ರಜ್ಞರು ತಲೆದೂಗಿದರು. ಕಿಚಿಕಿಚಿ ಧ್ವನಿಯನ್ನು ಕೇಳಿ ಮಕ್ಕಳೂ ನಕ್ಕರು. ಇಬ್ಬರ ರುಚಿಯೂ ಅಲ್ಲಿ ಅಕಸ್ಮಾತ್ತಾಗಿ ಕೂಡಿತೆನ್ನಬಹುದು.

ಮುಂದಿನ ವರ್ಷಗಳಲ್ಲಿ ಹಿರಿಯರ ಮನಸ್ಸು ಬೇರೆಯ ದಾರಿ ಹಿಡಿಯಿತು. ರಷ್ಯಾದ ಪ್ರೊಕೋಫಿಯೆವ್ 1936ರಲ್ಲಿ ಮಕ್ಕಳಿಗಾಗಿ ರಚಿಸಿದ ‘ಪೀಟರ್ ಅಂಡ್ ದಿ ವುಲ್ಫ್’ ಎಂಬ ಕೃತಿಯುಂಟಷ್ಟೆ. ಅದರಲ್ಲಿ ಹಕ್ಕಿಗೆ ಕೊಳಲು, ಬಾತಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಕೊಂಬುಗಳು, ಹುಡುಗನಿಗೆ ತಂತೀವಾದ್ಯಗಳು ಎಂದು ಪಾತ್ರಕ್ಕೊಂದು ನಾದವನ್ನು ವಿಭಾಗಿಸಿ ಕೊಟ್ಟು, ಕಥೆಯನ್ನು ಹೇಳುತ್ತ ಹೇಳುತ್ತಲೇ ವಾದ್ಯಗಳ ಪರಿಚಯವನ್ನು ಮಾಡಿಕೊಟ್ಟಿರುವನು. ಕರಾಯಾನನ ನಿರ್ದೇಶನದಲ್ಲಿ ಪೀಟರ್ ಉಸ್ತಿನೋವ್ ನಿರೂಪಿಸಿದ ಮುದ್ರಿಕೆಗೆ 1960ರಲ್ಲಿಯೂ, ಲೆನಾರ್ಡ್ ಬರ್ನ್‌ಸ್ಟೈನನ ಮುದ್ರಿಕೆಗೆ 1962ರಲ್ಲಿಯೂ ಪಾರಿತೋಷಕ ಸಂದಿತು. ಬರ್ನ್‌ಸ್ಟೈನನಿಗೆ 1963, 1964ರಲ್ಲಿಯೂ ಅದೇ ಮನ್ನಣೆ ಮುಂದುವರಿಯಿತು. ಪ್ರೌಢಸಂಗೀತದ ಅಂಗಳಕ್ಕೆ ಮಗುವನ್ನು ಕೈಹಿಡಿದು ಕರೆತರಬೇಕೆಂಬ ಹಂಬಲ ಇಲ್ಲಿ ಎದ್ದು ತೋರುತ್ತದೆ. ಹಂಬಲವು ಶ್ಲಾಘ್ಯವಾದುದೇ. ಈ ಕೃತಿಯಲ್ಲಿ ಉಪದೇಶವು ಕಥೆಯೊಳಗೆ ಪೂರ್ತಿಯಾಗಿ ಕರಗಿರುವುದರಿಂದ ಅದು ಮಕ್ಕಳಿಗೆ ಭಾರವಾಗಲಿಲ್ಲ.

1965ರಲ್ಲಿ ‘ಮೇರಿ ಪಾಪಿನ್ಸ್’ ಚಲಚ್ಚಿತ್ರದ ಹಾಡುಗಳೂ, 1971ರಲ್ಲಿ ದೂರದರ್ಶನದ ‘ಸೆಸಮಿ ಸ್ಟ್ರೀಟ್’ ಹಾಡುಗಳೂ ಗೆದ್ದವು. 1991ರಲ್ಲಿ ‘ದಿ ಲಿಟ್ಲ್ ಮರ್ಮೇಡ್’, 1993ರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’, 1994ರಲ್ಲಿ ‘ಅಲಾದ್ದೀನ್’, 1995ರಲ್ಲಿ ‘ದಿ ಲಯನ್ ಕಿಂಗ್’ ಎಂದು ಒಂದೇ ಡಿಸ್ನಿ ಸಂಸ್ಥೆಯ ಚಿತ್ರಗೀತೆಗಳು ಪಾರಿತೋಷಕವನ್ನು ಪಡೆದವು. ಈ ಹಾಡುಗಳು ಇಂಪಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ತೆರೆಯ ಮೇಲೆ ಮೊದಲೇ ಲೋಕಪ್ರಸಿದ್ಧವಾದ ಹಾಡಿಗೆ ಮತ್ತೊಂದು ಕಿರೀಟವನ್ನಿಡುವುದರಿಂದ, ಶಾಲೆಯಲ್ಲಿಯೂ ಗ್ರಂಥಭಂಡಾರದಲ್ಲಿಯೂ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಹಾಡುವ ಸಾಮಾನ್ಯ ಗಾಯಕನಿಗೆ ಆದ ಲಾಭವೇನು? ಪಾರಿತೋಷಕದ ಧರ್ಮವು ಕಾಣದುದನ್ನು ಕಾಣಿಸುವುದೇ ಹೊರತು ಕಂಡುದನ್ನೇ ಎತ್ತಿ ತೋರುವುದಲ್ಲ.

1994ರಿಂದ ಈ ವಿಭಾಗವನ್ನು ಎರಡಾಗಿ ಮಾಡಿ, ಹಾಡಿಗೊಂದು, ಕಥನಕ್ಕೊಂದು ಎಂದು ಏರ್ಪಡಿಸಿದರು. 2004ರಲ್ಲಿ ಕಥನದ ಪಾರಿತೋಷಕವು ಮತ್ತೆ ಪೀಟರನ ಕಥೆಗೇ ಸಂದಿತು. ಅದರೊಡನೆ ತೋಳದ ಪಕ್ಷವನ್ನು ವಹಿಸುವ ಹೊಸ ಕಥೆಯೊಂದೂ ಸೇರಿದ್ದಿತು. ಕಂಠದಾನ ಮಾಡಿದವರು ಅಮೆರಿಕೆಯ ಮಾಜಿ ಅಧ್ಯಕ್ಷ ಕ್ಲಿಂಟನ್, ಸೋವಿಯತ್ ರಾಷ್ಟ್ರದ ಮಾಜಿ ನಾಯಕ ಗೊರ್ಬಚೆವ್, ನಟಿ ಸೋಫಿಯಾ ಲೊರೆನ್. ಈ ಹೆಸರುಗಳನ್ನು ಕೇಳಿ ಬೆರಗಾಗತಕ್ಕವರು ತಂದೆತಾಯಿಗಳು. ಮಗುವಿಗೆ ಅವರೆಲ್ಲರೂ ಅಪರಿಚಿತರೇ. 2012ರಲ್ಲಿ ಎರಡು ವಿಭಾಗಗಳನ್ನೂ ಪುನಃ ಒಂದುಗೂಡಿಸಿದರು. ಕೆಲವು ವರ್ಷಗಳ ಬಳಿಕ ಕಥನವನ್ನು ಅಲ್ಲಿಂದ ತೆಗೆದು, ಪ್ರೌಢರ ವಾಚನ ಮುದ್ರಿಕೆಗಳ ಸಾಲಿಗೆ ಸೇರಿಸಿಬಿಟ್ಟರು. ಆ ಸಾಲಿನಲ್ಲಿ 2019ರಲ್ಲಿ ಮಾಜಿ ಅಧ್ಯಕ್ಷ ಕಾರ್ಟರರೂ, 2020ರಲ್ಲಿ ಮಿಶೆಲ್ ಒಬಾಮಾ ಅವರೂ ತಮ್ಮ ಗ್ರಂಥಗಳನ್ನು ತಾವೇ ಓದಿ ಗೆದ್ದಿರುವರು. ಅಂತಹವರ ಎದುರಿನಲ್ಲಿ ಮೊಲದ ಕಥೆಗೆ, ಆಮೆಯ ಕಥೆಗೆ ನ್ಯಾಯ ದೊರೆಯುವುದೆಂದು ನಂಬುವುದು ಹೇಗೆ? ಕಥೆ ಹೇಳುವುದೂ ಮಕ್ಕಳ ಪಾಲಿಗೆ ಸಂಗೀತವೇ ಎಂಬುದನ್ನು ಅಜ್ಜಿಯರೆಲ್ಲರೂ ಬಲ್ಲರು. ಅಕಾಡೆಮಿಯವರು ಅದನ್ನು ಮರೆತಂತೆ ತೋರುವುದು.

ಈ ಚರಿತ್ರೆಯಲ್ಲಿ ಸಂತೋಷಕರವಾದ ಪುಟಗಳೂ ಉಂಟು. 2011ರಲ್ಲಿ 91 ವರ್ಷದ ವೃದ್ಧ ಜಾನಪದಗಾಯಕ ಪೀಟ್ ಸೀಗರನು ನ್ಯೂಯಾರ್ಕ್ ಸಂಸ್ಥಾನದ ಬೀಕನ್ ಊರಿನ ಮಕ್ಕಳೊಡನೆ ಹಾಡಿದ ‘ಟುಮಾರೋಸ್ ಚಿಲ್ಡ್ರನ್’ ಗೆದ್ದಿತು. ಮಕ್ಕಳಿಗಾಗಿ ಹಾಡಿದುದಷ್ಟೇ ಅಲ್ಲ, ಮಕ್ಕಳೇ ಕೂಡಿ ಹಾಡಿದರೆಂಬುದು ಅದರ ವಿಶೇಷ. 2021ರ ಸಭೆಗೆ ಮುಂಚೆ ಇನ್ನೊಂದು ಪ್ರಸಂಗ ನಡೆಯಿತು. ಆರಿಸಲ್ಪಟ್ಟ ಐವರಲ್ಲಿ ಎಲ್ಲರೂ ಬಿಳಿಯರೇ ಆಗಿದ್ದುದನ್ನು ಕಂಡು, ಅಲಿಸ್ಟೇರ್ ಮೂಕ್, ಓಕೀ ಡೋಕೀ ಬ್ರದರ್ಸ್, ಡಾಗ್ ಆನ್ ಫ್ಲೀಸ್ ಎಂಬ ಮೂರು ತಂಡದವರು ತಮ್ಮ ಹೆಸರುಗಳನ್ನು ತಾವೇ ಹಿಂತೆಗೆದುಕೊಂಡರು. ನಾನಾ ವರ್ಣದ ಮಕ್ಕಳು ಕೇಳುವ ಸಂಗೀತದ ಪಂಕ್ತಿಯಲ್ಲಿ ಒಂದೇ ವರ್ಣದವರಿಗೆ ಎಲೆ ಹಾಕುವುದು ತರವಲ್ಲವೆಂಬುದು ಅವರ ಭಾವ. ದೊರೆಯುತ್ತಿದ್ದ ಮಾನವನ್ನು ತೊರೆದು ಅವರು ಕಲಿಸಿದ ಪಾಠವು ಎಷ್ಟೋ ನೀತಿಪದ್ಯಗಳಿಗಿಂತ ಮಿಗಿಲಾದುದು.

ಮರುವರ್ಷ, 2022ರಲ್ಲಿ, ಮುಂಬಯಿಯಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲೆಸಿದ ಫಾಲ್ಗುಣಿ ಶಾ ಅವರ ‘ಎ ಕಲರ್‌ಫುಲ್ ವರ್ಲ್ಡ್’ ಈ ಪಾರಿತೋಷಕವನ್ನು ಪಡೆಯಿತು. ಅದೇ ಸಭೆಯಲ್ಲಿ ಬೆಂಗಳೂರಿನ ರಿಕ್ಕಿ ಕೇಜ್ ಅವರಿಗೂ ಬೇರೊಂದು ವಿಭಾಗದಲ್ಲಿ ಮನ್ನಣೆ ದೊರೆತುದನ್ನು ನಮ್ಮವರು ಹೆಮ್ಮೆಯಿಂದ ನೆನೆಯುವರು. ಫಾಲ್ಗುಣಿಯವರು ಸಾರಂಗಿಯ ಉಸ್ತಾದ್ ಸುಲ್ತಾನ್ ಖಾನರಲ್ಲಿ ಶಿಕ್ಷಣ ಪಡೆದವರು. ಅವರ ಹಿಂದಿನ ಸಂಕಲನವಾದ ‘ಫಾಲೂಸ್ ಬಝಾರ್’, ಮನೆಯ ಊಟವನ್ನೂ ಮನೆಯ ಭಾಷೆಯನ್ನೂ ಕುರಿತು ಅವರ ಮಗನು ಕೇಳಿದ ಪ್ರಶ್ನೆಗಳಿಂದ ಹುಟ್ಟಿದುದು. ಮಗುವಿನ ಪ್ರಶ್ನೆ ಮೊದಲು, ತಾಯಿಯ ಹಾಡು ಅನಂತರ. ಬಾಲಗೀತೆಗೆ ಇದೇ ಸಹಜವಾದ ಕ್ರಮವೆಂದು ನಾನು ಭಾವಿಸುವೆನು.

ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಮೂರು ಬಗೆಯಾಗಿ ವಿಂಗಡಿಸಿ, ಕಾವ್ಯವನ್ನು ಮೂರನೆಯದರಲ್ಲಿ ಸೇರಿಸಿದನು. ಬಾಲಗೀತೆಗೆ ನಾಲ್ಕನೆಯದೊಂದನ್ನು, ಮಾತೃಸಂಮಿತವೆಂಬುದನ್ನು, ಕಲ್ಪಿಸಿಕೊಳ್ಳುವುದು ಯುಕ್ತ. ತಾಯಿಯು ತುತ್ತು ಕೊಡುವಾಗ ಊರವರ ಮೆಚ್ಚುಗೆಗಾಗಿ ಕಾಯಳು. ಮಗುವಿನ ಮುಖವನ್ನು ನೋಡುವಳು. ಪಂಚತಂತ್ರದ ವಿಷ್ಣುಶರ್ಮನು ಮೂವರು ಜಡಮತಿ ರಾಜಪುತ್ರರಿಗೆ ನೀತಿಯನ್ನು ಬೋಧಿಸಲು ಒಪ್ಪಿದಾಗ, ರಾಜನು ಕೊಡಲು ಬಂದ ನೂರು ಶಾಸನಗಳನ್ನು ಬೇಡವೆಂದನು. ಆರು ತಿಂಗಳಲ್ಲಿ ಮಕ್ಕಳು ಕಲಿಯದಿದ್ದರೆ ತನ್ನ ಹೆಸರನ್ನೇ ತೊರೆಯುವೆನೆಂದನು. ಅವನ ಕೃತಿಗೆ ಪರೀಕ್ಷಕರು ಆಸ್ಥಾನದ ಪಂಡಿತರಲ್ಲ, ಆ ಮೂವರು ಹುಡುಗರೇ.

ಮಕ್ಕಳ ರುಚಿ ಚಂಚಲ, ಅವರ ಕೈಗೆ ತಕ್ಕಡಿ ಕೊಟ್ಟರೆ ಪ್ರತಿ ವರ್ಷವೂ ಅಳಿಲಿನ ಹಾಡೇ ಗೆಲ್ಲುವುದೆಂದು ಕೆಲವರು ಆಕ್ಷೇಪಿಸಬಹುದು. ಇಟಲಿಯ ಜಿಫೋನಿ ಎಂಬ ಊರಿನ ಬಾಲಚಿತ್ರೋತ್ಸವದಲ್ಲಿ ಮಕ್ಕಳನ್ನೇ ನಿರ್ಣಾಯಕರನ್ನಾಗಿ ಕೂರಿಸುವ ಪದ್ಧತಿಯುಂಟು. 1971ರಲ್ಲಿ ಆರಂಭವಾದ ಆ ಉತ್ಸವವು ಮಕ್ಕಳ ಚಾಂಚಲ್ಯದಿಂದ ಕೆಟ್ಟುಹೋಗಲಿಲ್ಲ. ಶ್ರುತಿಲಯಗಳ ಶುದ್ಧಿಯನ್ನು ವಿದ್ವಾಂಸರು ನೋಡಲಿ. ಅದು ಮಗುವಿಗೆ ನಿಲುಕದ ವಿಷಯ. ಆದರೆ ಮುಗಿದೊಡನೆ ‘ಇನ್ನೊಮ್ಮೆ’ ಎಂದು ಕೇಳಿಸಿಕೊಳ್ಳುವ ಹಾಡು ಯಾವುದೆಂಬುದನ್ನು ಮಗುವೇ ಹೇಳಬೇಕು. ಈ ಎರಡು ಸಾಕ್ಷ್ಯಗಳೂ ಕೂಡಿದಲ್ಲಿ ಮಾತ್ರ ತೀರ್ಪು ಪೂರ್ಣವಾದೀತು.

ಇಂದು ನಮ್ಮ ಮನೆಗಳಲ್ಲಿಯೂ ಅಂಗೈಯಗಲದ ಯಂತ್ರದಿಂದ ಲೋಕದ ಹಾಡುಗಳೆಲ್ಲ ಮಕ್ಕಳ ಕಿವಿಗೆ ಬೀಳುತ್ತಿರುವುವು. ಪಾರಿತೋಷಕದ ಮುದ್ರೆಯನ್ನು ಕಂಡು ಹಾಡನ್ನು ಆರಿಸಿಕೊಡುವ ತಂದೆತಾಯಿಗಳು, ಆ ಮುದ್ರೆಯನ್ನೊತ್ತಿದವರು ತಮ್ಮಂತೆಯೇ ಹಿರಿಯರೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಒಂದು ಸಲ ಕೇಳಿಸಿರಿ. ಮರುದಿನ ಆಟದ ನಡುವೆ ಮಗುವು ಅದನ್ನು ತನ್ನಷ್ಟಕ್ಕೆ ಗುನುಗುವುದೋ ಇಲ್ಲವೋ ಎಂಬುದನ್ನು ಗಮನಿಸಿರಿ.